ಕಾವಲುಗಾರನ ಭುಜ

ಎಲ್ಲರೂ ಹೇಳುವ ಕತೆ ಹೀಗಿದೆ. ಒಂದು ಬೆಳಗಿನ ಜಾವ ನಮ್ಮ ಸಾರ್ ಮದ್ರಾಸಿನ ಹತ್ತಿರದ ಎಣ್ಣೂರಿನ ದಡದಲ್ಲಿ ನಿಂತಿದ್ದರಂತೆ. ಸೊಂಟದ ಮಟ್ಟದ ನೀರಿನಲ್ಲಿ ಒಬ್ಬ ಮೀನುಗಾರ ಬೀಸುಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೈ ತಿರುಗಿಸಿ ಬಲೆ ಎಸೆದನಂತೆ. ಬಲೆ ಗಾಳಿಯಲ್ಲಿ ಅರಳಿದ್ದನ್ನು ನೋಡಿದ್ದೇ ತಡ, ಇವರ ತಲೆಯಲ್ಲಿ ಮಿಂಚು ಹೊಡೆದಂತಾಗಿ, ನೇರ ಆಫೀಸಿಗೆ ಬಂದು, ಕಾಫಿ ಕೂಡ ಕುಡಿಯದೆ ಕೂತು, ಸಂಜೆಯೊಳಗೆ ನಮ್ಮ ವಿಡಿಯೋ ಗೇಮಿನ ಬಾಸ್‌ನ ಆ ಪ್ರಸಿದ್ಧ ಹೊಡೆತವನ್ನು ಮಾಡಿ ಮುಗಿಸಿದರಂತೆ.

ಅವರು ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ನಮ್ಮ ಕಂಪನಿಯ ಯಜಮಾನರು ಇದನ್ನೇ ಹೇಳಿದರು. ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಆದರೆ ಬೇರೆ ಕಾರಣಕ್ಕೆ. ಈ ಕತೆಯಲ್ಲಿ ನಿಜವಿರುವುದು ಎಣ್ಣೂರು ಎಂಬ ಊರೊಂದೇ. ಅದರಲ್ಲೂ ಅವರು ಕಾಫಿ ಕುಡಿಯದೆ ಕೆಲಸಕ್ಕೆ ಕೂತರು ಎನ್ನುವುದಂತೂ ಅವರ ಮೇಲೆ ಹೊರಿಸಿದ ಅಪವಾದ.

ಕತೆ ಕತೆಯಾಗಿಯೇ ಉಳಿದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಈಗ ಆಟದ ಎರಡನೆಯ ಭಾಗ ತಯಾರಾಗುತ್ತಿದೆ. ಬಲೆ ಎಸೆಯುವುದಕ್ಕೆ ಮುಂಚೆ ಬರುವ ಆ ಒಂದು ಗಳಿಗೆಯನ್ನು ಕಿತ್ತುಹಾಕಬೇಕು ಎಂದು ಹೊಸದಾಗಿ ಬಂದಿರುವ ವಿನ್ಯಾಸ ಮುಖ್ಯಸ್ಥ ಪಟ್ಟು ಹಿಡಿದಿದ್ದಾನೆ. "ಅವರಿಗೆ ಒಂದು ದಿನ ಒಂದು ಹೊಳೆಯಿತು. ನಮಗೆ ಇನ್ನೊಂದು ಹೊಳೆದಿದೆ. ಅಷ್ಟೇ ತಾನೆ?" ಅನ್ನುತ್ತಾನೆ. ವಾದ ಚೆನ್ನಾಗಿಯೇ ಇದೆ. ಹೊಳೆದದ್ದನ್ನು ಹೊಳೆದದ್ದರಿಂದ ಅಳಿಸಬಹುದು. ಆದ್ದರಿಂದಲೇ ಅದು ಹೊಳೆದದ್ದಲ್ಲ ಎಂದು ನಾನು ತೋರಿಸಬೇಕಾಗಿದೆ. ನಿರ್ಧಾರ ಸೋಮವಾರಕ್ಕೆ.

ಬಾಸ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ವಿಡಿಯೋ ಗೇಮಿನಲ್ಲಿ ಒಂದು ಘಟ್ಟ ಮುಗಿಯುವಾಗ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಎದುರಾಳಿಯೇ ಬಾಸ್. ಅವನನ್ನು ಸೋಲಿಸದೆ ಮುಂದೆ ಹೋಗುವಂತಿಲ್ಲ. ಒಳ್ಳೆಯ ಬಾಸ್‌ಗೆ ಅವನದೇ ಎನ್ನುವ ಒಂದು ಹೊಡೆತ ಇರುತ್ತದೆ. ಆಟವನ್ನು ಮರೆತವರೂ ಅದನ್ನು ಮರೆಯುವುದಿಲ್ಲ. ನಮ್ಮ ಆಟದ ಬಾಸ್, ಮುಳುಗಿಹೋದ ಬಂದರೊಂದರ ಅಳಿವೆಯಲ್ಲಿ ನಿಂತಿರುವ ಕಾವಲುಗಾರ. ತಾಳೆಮರದಷ್ಟು ಎತ್ತರ, ಮೈತುಂಬ ಕಪ್ಪೆಚಿಪ್ಪು. ಅವನ ಹೊಡೆತ ಬಲೆ. ಬಲೆ ಎಸೆಯುವ ಮುಂಚೆ ಅವನು ಎಡಗಾಲನ್ನು ಸ್ವಲ್ಪ ಹಿಂದಿಡುತ್ತಾನೆ, ಅಂಚನ್ನು ಹಲ್ಲಿಗೆ ತೆಗೆದುಕೊಳ್ಳುತ್ತಾನೆ, ಒಂದು ಉಸಿರು ಎಳೆಯುತ್ತಾನೆ. ಅದೇ ಆ ಗಳಿಗೆ. ಅಷ್ಟರಲ್ಲಿ ನೋಡಿಕೊಂಡವನು ಬದುಕುತ್ತಾನೆ.

ನಾನು ಆ ಆಫೀಸಿಗೆ ಸೇರಿದ್ದು ಆಟ ಆಡಿ ತಪ್ಪು ಹುಡುಕುವ ಕೆಲಸಕ್ಕೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದವರ ಮಾತಿನಲ್ಲಿ ತೂತು ಹುಡುಕಿ ಬಹುಮಾನ ತಂದವಳು. ತೂತು ಹುಡುಕಿದರೆ ಸಂಬಳವನ್ನೂ ಕೊಡುತ್ತಾರೆ ಎಂದು ತಿಳಿದಾಗ ಮದ್ರಾಸಿನ ಅಡ್ಯಾರಿನಲ್ಲಿದ್ದ ಆ ಮೂರನೇ ಮಹಡಿಗೆ ಓಡಿಹೋಗಿದ್ದೆ. ಮೊದಲ ದಿನವೇ ಕಾವಲುಗಾರನ ಮುಂದೆ ಕೂರಿಸಿದರು. ಆಗ ಅವನ ಕೈಯಲ್ಲಿ ಬಲೆ ಇರಲಿಲ್ಲ, ಬಂದರಿನ ಕ್ರೇನಿನ ಸರಪಳಿ ಇತ್ತು. ಬೀಸಿದರೆ ಪರದೆಯ ಈ ತುದಿಯಿಂದ ಆ ತುದಿಗೆ ಗುಡಿಸಿಕೊಂಡು ಹೋಗುತ್ತಿತ್ತು. ನಾನು ಸತ್ತೆ. ಮತ್ತೆ ಸತ್ತೆ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಐವತ್ತು ದಾಟಿದ ಒಬ್ಬರು ಕೂತಿದ್ದರು. ಕಾವಲುಗಾರನನ್ನು ಮಾಡುತ್ತಿದ್ದವರು ಅವರೇ. ಅವರು ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

"ಎನ್ನ ಸಾರ್, ಮುಖದಲ್ಲಿ ಏನಿದೆ?" ಎಂದು ತಮಿಳೂ ಕನ್ನಡವೂ ಬೆರೆಸಿ ಕೇಳಿದೆ. ಹೆಸರು ಕೇಳಿದಾಗಲೇ ನಾನು ಕನ್ನಡದವಳೆಂದು ಅವರಿಗೆ ಗೊತ್ತಾಗಿತ್ತು.

"ಹುಬ್ಬು," ಅಂದರು. "ಬಾಯಿ ಸುಳ್ಳು ಹೇಳ್ತದೆ, ಹುಬ್ಬು ಹೇಳುದಿಲ್ಲ. ನಿಂಗೆ ಸತ್ತದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ, ಸಿಟ್ಟು ಉಂಟು. ಸಿಟ್ಟು ಬಂದ್ರೆ ನನ್ನ ತಪ್ಪು. ಬೇಜಾರಾದ್ರೆ ನಿನ್ನ ತಪ್ಪು."

ಆ ವಾಕ್ಯವನ್ನು ಅವತ್ತೇ ಖಂಡಿಸಿದೆ. ಇದು ವ್ಯಾಖ್ಯಾನ ಸಾರ್, ಪುರಾವೆ ಅಲ್ಲ ಅಂದೆ. ಅವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. "ಹ್ಞಾಂ, ಈಗ ಮಾತಾಡು."

ಅವರ ಮನೆಯವರು ಕರಾವಳಿಯಿಂದ ಬಂದು ಟಿ. ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದವರು. ಅವರು ಬೆಳೆದದ್ದೇ ಆ ಹೋಟೆಲಿನ ಮೇಲಿನ ಕೋಣೆಯಲ್ಲಿ. ಚಿತ್ರ ಬರೆಯುವ ಹುಚ್ಚಿನಿಂದ ಜಾಹೀರಾತಿಗೆ, ಅಲ್ಲಿಂದ ಕಾರ್ಟೂನಿಗೆ, ಕೊನೆಗೆ ಆಟಗಳಿಗೆ ಬಂದು ಸೇರಿದ್ದರು. ಆದರೆ ಹೊಡೆತದ ಬಗ್ಗೆ ಅವರ ಸಿದ್ಧಾಂತವೆಲ್ಲ ಹೋಟೆಲಿನದೇ. ಸರಪಳಿಯ ಮೇಲೆ ನನ್ನ ಮೊದಲ ದೂರನ್ನು ಕೇಳಿ ಅವರು ಹೇಳಿದ್ದು ಇದು:

"ಮಧ್ಯಾಹ್ನ ರಶ್ಶಿನಲ್ಲಿ ಸಾಂಬಾರಿನ ಬಕೆಟ್ ಹಿಡ್ಕೊಂಡು ಬರುವವ ಎಂತ ಮಾಡ್ತಾನೆ? 'ಬಿಸಿ ಬಿಸಿ, ಸೈಡ್ ಸೈಡ್' ಅಂತ ಕೂಗ್ತಾನೆ. ಕೂಗಿದ ಮೇಲೂ ಕೈ ಅಡ್ಡ ಹಾಕಿ ಸುಟ್ಕೊಂಡ್ರೆ ಗಿರಾಕಿ ತನ್ನನ್ನೇ ಬೈಕೊಳ್ತಾನೆ, ನಾಳೆಯೂ ಊಟಕ್ಕೆ ಬರ್ತಾನೆ. ಕೂಗದೆ ಚೆಲ್ಲಿದ್ರೆ? ಗಲ್ಲಾದ ಹತ್ರ ಜಗಳ. ಈ ನಮ್ಮ ಕಾವಲುಗಾರ ಕೂಗದೆ ಚೆಲ್ಲುವವ."

ಅಲ್ಲಿಂದ ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಶುರುವಾಯಿತು. ಊಟ ಆದ ಮೇಲೆ ಎಲ್ಲರೂ ತಾರಸಿಗೆ ಹೋಗುವುದು. ಅವರು ಹೊಡೆತವನ್ನು ಮೈಯಲ್ಲಿ ಆಡಿ ತೋರಿಸುವುದು, ನಾನು ತಪ್ಪಿಸಿಕೊಳ್ಳುವುದು. ತಪ್ಪಿಸಿಕೊಳ್ಳಲು ಆಗದಿದ್ದರೆ ನಾನು ನಿಂತಲ್ಲೇ ದೂರು ಹೇಳಬೇಕು, ಅವರು ನಿಂತಲ್ಲೇ ಉತ್ತರ ಕೊಡಬೇಕು. ಉತ್ತರ ಹೊಳೆಯದಿದ್ದರೆ ಕೆಳಗಿಳಿದು ಹೊಡೆತವನ್ನು ಬದಲಿಸಬೇಕು. ಯಜಮಾನರಿಗೂ ನಡುವೆ ಬಾಯಿ ಹಾಕುವ ಹಕ್ಕಿಲ್ಲ. ಪಕ್ಕದ ಕಟ್ಟಡದ ಹೆಂಗಸರು ಬಟ್ಟೆ ತೆಗೆಯುವ ನೆಪದಲ್ಲಿ ಬಂದು ನೋಡುತ್ತಿದ್ದರು.

"ಸಾರ್, ಸರಪಳಿ ಎಲ್ಲಿಂದ ಬರ್ತಿದೆ ಅಂತಾನೇ ಕಾಣಲ್ಲ. ರೊಂಬ ಅನ್ಯಾಯ ಇದು."

"ರೊಂಬ ಅಂದ್ರೆ ಎಷ್ಟು? ಅಳತೆ ಹೇಳಿ ವಕೀಲ್ರೇ."

"ನೀವು ತೋಳು ಎತ್ತಿದ್ದು ಕಾಣೋಷ್ಟರಲ್ಲಿ ನಾನು ಸತ್ತಿರ್ತೀನಿ. ಅಷ್ಟು."

"ಹಾಗಾದ್ರೆ ತೋಳು ಬಿಟ್ಟು ಬೇರೆ ಎಂತದ್ದಾದ್ರೂ ಕಾಣ್ಬೇಕು, ಅಲ್ವಾ?"

ಇಲ್ಲಿ ಇನ್ನೊಂದು ಆಕ್ಷೇಪವನ್ನೂ ಹೇಳಿಬಿಡಬೇಕು. ಆ ಸಂತಾಪ ಸಭೆಯಲ್ಲಿ ಒಬ್ಬರು ಅವರನ್ನು ಶಾಂತಮೂರ್ತಿ ಅಂದರು. ಯಾವ ಮೂರ್ತಿ? ಕಾವಲುಗಾರನ ಹಲ್ಲುಗಳಿಗೆ ಸ್ವಚ್ಛ ಬಿಳಿ ಬಣ್ಣ ಬಳಿದ ಕಲಾವಿದನ ಜೊತೆ ಅವರು ಒಂದು ವಾರ ಮಾತು ಬಿಟ್ಟಿದ್ದರು. "ಉಪ್ಪುನೀರಲ್ಲಿ ನಿಂತವನಿಗೆ ಮದುಮಗನ ಹಲ್ಲಾ?" ಎಂದು ಗೋಡೆಗೆ ಹೇಳುತ್ತಿದ್ದರು, ಅವನಿಗೆ ಕೇಳುವಂತೆ. ಆಟ ಆಡುವುದರಲ್ಲಿ ಅವರಷ್ಟು ದಡ್ಡರನ್ನು ನಾನು ಕಂಡಿಲ್ಲ. ತಮ್ಮ ಬಾಸ್‌ನ ಎದುರು ತಾವೇ ಮೊದಲ ಹೊಡೆತಕ್ಕೆ ಬೀಳುತ್ತಿದ್ದರು. ನಗಾಡಿದರೆ, "ನಂಗೆ ಸೋಲ್ಲಿಕ್ಕೇ ಸಂಬಳ ಕೊಡುದು. ಗೆಲ್ಲುವವರು ಬೇಕಾದಷ್ಟು ಜನ ಇದ್ದಾರೆ," ಅನ್ನುತ್ತಿದ್ದರು. ಅವರನ್ನು ಶಾಂತಮೂರ್ತಿ ಮಾಡಿದರೆ ನನಗೆ ಸಿಕ್ಕ ಮನುಷ್ಯ ಕಳೆದುಹೋಗುತ್ತಾನೆ.

ಸರಪಳಿ ಹೋಗಿ ಬಲೆ ಬಂದದ್ದು ಹೇಗೆಂದರೆ, ತಾರಸಿಯಲ್ಲಿ ಸರಪಳಿಗೆ ಬದಲಾಗಿ ಬಳಸುತ್ತಿದ್ದ ಹಗ್ಗ ಒಂದು ದಿನ ಕಾಣೆಯಾಯಿತು. ಯಾರೋ ಒಣಹಾಕಿದ್ದ ಒದ್ದೆ ಹೊದಿಕೆಯನ್ನು ಇವರು ಎತ್ತಿಕೊಂಡರು. "ಇವತ್ತಿಗೆ ಇದೇ ಸರಪಳಿ," ಎಂದು ನನ್ನತ್ತ ಬೀಸಿದರು. ಅದು ಸರಪಳಿಯಂತೆ ಬರಲೇ ಇಲ್ಲ. ಗಾಳಿಯಲ್ಲಿ ಅಗಲವಾಗಿ ಬಿಚ್ಚಿಕೊಂಡು ನನ್ನ ಬೆನ್ನ ಹಿಂದೆ ಬಿತ್ತು. ನಾನು ಹೆದರಿ ಅವರ ಕಾಲಬುಡಕ್ಕೇ ನುಗ್ಗಿದ್ದೆ, ಹಾಗಾಗಿ ಬಚಾವಾದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಓಡಿ ಹೋದ್ರೆ ಸಿಕ್ಕಿಬೀಳ್ತಿದ್ದೆ," ಅಂದೆ.

"ಹತ್ರ ಬಂದದ್ದಕ್ಕೆ ಉಳ್ಕೊಂಡಿ," ಅಂದರು. ಆಮೇಲೆ ಮೆಲ್ಲಗೆ, "ಇದು ಒಳ್ಳೆದುಂಟು."

ಸರಪಳಿಗೆ ತಾನು ಯಾರನ್ನು ಹೊಡೆಯುತ್ತಿದ್ದೇನೆ ಎಂಬ ಪರಿವೆ ಇರಲಿಲ್ಲ. ಬಲೆಗೆ ಒಂದು ಅಭಿಪ್ರಾಯ ಬಂತು: ದೂರ ಓಡುವವನನ್ನು ಹಿಡಿಯುತ್ತದೆ, ಧೈರ್ಯ ಮಾಡಿ ಹತ್ತಿರ ನುಗ್ಗುವವನನ್ನು ಬಿಡುತ್ತದೆ. ಹೊದಿಕೆಯ ಒಡತಿ ಬಂದು ಬೈದಾಗ, ಅವರು ಕೈ ಮುಗಿದು, ತಾವೇ ಅದನ್ನು ಮತ್ತೆ ಒಗೆದು ಹಿಂಡಿ ಹರಡಿದರು. ಮರುದಿನ ಮನೆಯಿಂದ ತಮ್ಮದೇ ಒಂದು ಹೊದಿಕೆ ತಂದರು.

ಇಷ್ಟಾದರೂ ಕಾವಲುಗಾರ ಗೆದ್ದಿರಲಿಲ್ಲ. ಅಂದರೆ, ಗೆಲ್ಲುತ್ತಲೇ ಇದ್ದ, ಅದೇ ತೊಂದರೆ. ಪರೀಕ್ಷೆಗೆಂದು ಕರೆಸಿದ ಆಟಗಾರರು ಅವನ ಹತ್ತಿರ ಬಂದು ಆಟವನ್ನೇ ಮುಚ್ಚಿ ಎದ್ದು ಹೋಗುತ್ತಿದ್ದರು. ಯಜಮಾನರು, "ಈ ಬಾಸ್ ಬೇಡ ಸಾರ್, ತೆಗೆದುಬಿಡೋಣ," ಎಂದು ಮೃದುವಾಗಿ ಹೇಳಿದ್ದರು. ಅವತ್ತು ಇವರು ಕಾಫಿಯನ್ನು ಲೋಟದಲ್ಲೇ ಆರಲು ಬಿಟ್ಟರು. ಅವರ ಮಟ್ಟಿಗೆ ಅದು ಎದೆ ಬಡಿದುಕೊಂಡಂತೆ.

ಆ ಮಧ್ಯಾಹ್ನದ ದೂರನ್ನು ನಾನು ಬಹಳ ಯೋಚಿಸಿ ತಯಾರು ಮಾಡಿದ್ದೆ. "ಸಾರ್, ನನ್ನ ದೂರು ಇದು. ಇಲ್ಲಿ ತಾರಸಿ ಮೇಲೆ ನೀವು ಎಸೆಯೋ ಹೊದಿಕೆಯಿಂದ ನಾನು ಪ್ರತಿ ಸಲ ತಪ್ಪಿಸ್ಕೋತೀನಿ. ಕೆಳಗೆ ನಿಮ್ಮ ಬಾಸ್ ಎಸೆಯೋ ಬಲೆಯಿಂದ ಒಂದು ಸಲಾನೂ ಆಗಲ್ಲ. ಎಸೆತ ಅದೇ, ವೇಗ ಅದೇ ಅಂತೀರಿ. ಮತ್ತೆ ವ್ಯತ್ಯಾಸ ಎಲ್ಲಿದೆ? ನೀವೇನೋ ಮುಚ್ಚಿಡ್ತಿದ್ದೀರಿ."

"ನಾನೆಂತ ಮುಚ್ಚಿಡುದು?"

"ಗೊತ್ತಿಲ್ಲ. ಇನ್ನೊಂದು ಸಲ ಎಸೀರಿ. ನಾನು ತಪ್ಪಿಸ್ಕೊಳ್ಳಲ್ಲ, ನಿಂತು ನೋಡ್ತೀನಿ."

ಎಸೆದರು. ಒದ್ದೆ ಹೊದಿಕೆಯೊಳಗೆ ನಿಂತು ನಾನು ಕೂಗಿದೆ: "ನಿಮ್ಮ ಎಡಭುಜ ಸಾರ್!"

ಅವರ ಎಡಭುಜ ಹಿಡಿದುಕೊಂಡು ಬಹಳ ದಿನವಾಗಿತ್ತು. ತೋಳು ಕಿವಿಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದೆ ಸೀಟಿನ ಬೆನ್ನನ್ನು ಹಿಡಿದು ನಿಲ್ಲುತ್ತಿದ್ದರು. ಹಾಗಾಗಿ ಹೊದಿಕೆಯ ಒಂದು ಅಂಚನ್ನು ಎಡಗೈಯಲ್ಲಿ ಎತ್ತುವ ಬದಲು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ನೋವಿಗೆ ಮೊದಲೇ ಸಿದ್ಧವಾಗಲು ಕಾಲು ಹಿಂದಿಟ್ಟು ಉಸಿರು ಎಳೆಯುತ್ತಿದ್ದರು. ನನಗೇ ಅರಿವಿಲ್ಲದೆ ನಾನು ಅದನ್ನು ನೋಡಿ ಜಿಗಿಯುತ್ತಿದ್ದೆ. ಕೆಳಗೆ ಗಣಕದಲ್ಲಿ ಕಾವಲುಗಾರನನ್ನು ಆಡಿಸುವಾಗ ಮಾತ್ರ ಅವನಿಗೆ ಎರಡು ಗಟ್ಟಿ ಭುಜ ಕೊಟ್ಟಿದ್ದರು. ತಮ್ಮ ನೋವನ್ನು ತಪ್ಪೆಂದು ತಿಳಿದು, ಚಲನೆಯಿಂದ ಅದನ್ನು ಒರೆಸಿ ಹಾಕಿದ್ದರು.

ಅವರು ಹೊದಿಕೆಯನ್ನು ನನ್ನ ತಲೆಯಿಂದ ತೆಗೆದು ಮಡಿಚತೊಡಗಿದರು. ಮಡಿಚುತ್ತಾ ಮಡಿಚುತ್ತಾ ಅಂದರು: "ನನ್ನ ಭುಜವೇ 'ಸೈಡ್ ಸೈಡ್' ಅಂತ ಕೂಗ್ತಾ ಇತ್ತಲ್ಲ ಮಾರಾಯ್ತಿ. ನಾನೇ ಅದ್ರ ಬಾಯಿ ಮುಚ್ಚಿದ್ದು."

ಕಾವಲುಗಾರನಿಗೆ ಕೆಟ್ಟ ಭುಜ ಬಂತು, ಹಲ್ಲಿಗೆ ಬಲೆ ಬಂತು, ಎಳೆದ ಉಸಿರು ಬಂತು. ಮುಂದಿನ ಸಲ ಕರೆಸಿದ ಆಟಗಾರರು ಬಿದ್ದರು, ಎದ್ದರು, ಯಾರೂ ಮನೆಗೆ ಹೋಗಲಿಲ್ಲ. ಒಬ್ಬಳು ತಾನು ಸತ್ತದ್ದಕ್ಕೆ ತನ್ನ ತಲೆಗೇ ಮೊಟಕಿಕೊಂಡಳು. ಅವರು ನನ್ನ ಕಡೆ ತಿರುಗಿ ತಮ್ಮ ಹುಬ್ಬನ್ನು ತೋರಿಸಿದರು.

ಇನ್ನು ಎಣ್ಣೂರು. ಅಲ್ಲಿಗೆ ಹೋದದ್ದು ಆಟ ಬಿಡುಗಡೆಯಾದ ಮೇಲೆ, ಪ್ರಚಾರದ ಫೋಟೋ ತೆಗೆಸುವುದಕ್ಕೆ. ಬೆಳಗಿನ ಜಾವವೂ ಅಲ್ಲ. ನೆತ್ತಿ ಸುಡುವ ಬಿಸಿಲು, ಹಿಂದೆ ವಿದ್ಯುತ್ ಸ್ಥಾವರದ ಚಿಮಣಿ. ಬಲೆ ಬೀಸುವವರು ಒಬ್ಬರೂ ಇರಲಿಲ್ಲ. ನೆರಳಿನಲ್ಲಿ ದೋಣಿಯ ಬಲೆ ಹೆಣೆಯುತ್ತಿದ್ದವನನ್ನು ಯಜಮಾನರು ಬೀಸುಬಲೆಯ ಬಗ್ಗೆ ಕೇಳಿದರೆ, ಈ ಹೊತ್ತಿನಲ್ಲಿ ಯಾರು ಬೀಸುತ್ತಾರೆ, ಫೋನಿನಲ್ಲಿ ನೋಡಿಕೊಳ್ಳಿ ಅಂದ. ನಾವು ಅಲ್ಲೇ ನಿಂತು ಫೋನಿನಲ್ಲಿ ನೋಡಿದೆವು. ಬೀಸುವವರು ನಿಜಕ್ಕೂ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ! ಇವರಿಗೆ ಆದ ಸಂತೋಷ ಹೇಳತೀರದು. "ನೋಡು, ನಾವು ಬಿಟ್ಟ ರೈಲು ಸ್ಟೇಷನ್ನಿಗೇ ಬಂದು ನಿಂತಿದೆ!" ಎಂದು ನನ್ನ ಬೆನ್ನಿಗೆ ಗುದ್ದಿದರು. ಆ ಫೋಟೋದ ಸುತ್ತಲೇ ಆಮೇಲೆ ಕತೆ ಬೆಳೆದದ್ದು. ಸಂದರ್ಶನಗಳಲ್ಲಿ ಯಜಮಾನರು ಅದನ್ನು ಹೇಳುವಾಗ ಇವರು ತಿದ್ದಲಿಲ್ಲ.

"ಯಾಕೆ ಸಾರ್ ಸುಮ್ಮನಿದ್ದೀರಿ? ಶುದ್ಧ ಸುಳ್ಳಲ್ವಾ?"

"ನನ್ನ ಭುಜದ ಸುದ್ದಿ ಅವರಿಗೆಲ್ಲ ಎಂತಕ್ಕೆ? ಮುಲಾಮು ಕಳಿಸ್ತಾರೆ."

ನನ್ನ ವಾದಕ್ಕೂ ಒಂದು ತೂತಿದೆ ಎಂದು ಗೊತ್ತು. ಯಜಮಾನರ ಕತೆಯಲ್ಲಿ ಮಿಂಚು ಇದ್ದರೆ, ನನ್ನ ಕತೆಯಲ್ಲಿ ನಾನಿದ್ದೇನೆ. ಯಾವುದು ಹೆಚ್ಚು ಅನುಮಾನಾಸ್ಪದ? ನಾನಿಲ್ಲದಿದ್ದರೆ ಇನ್ನೊಬ್ಬರು ಯಾರೋ ಭುಜವನ್ನು ನೋಡುತ್ತಿದ್ದರು, ಇರಬಹುದು. ಆದರೆ ದೂರು ಹೇಳಲು ಒಂದು ಜಾಗ ಮಾಡಿಕೊಟ್ಟವರು ಅವರು, ಅದರಲ್ಲಿ ಅನುಮಾನವಿಲ್ಲ. ಚರ್ಚಾಸ್ಪರ್ಧೆಯಲ್ಲಿ ನಾನು ಕಲಿತದ್ದು ಎದುರಿನವರು ಬಾಯಿ ಮುಚ್ಚುವಂತೆ ಮಾತಾಡುವುದು. ನನ್ನ ಮಾತು ಮುಗಿದ ಮೇಲೆ ಎದುರಿನವರು ಮೇಲೆದ್ದು ಹೋಗಿ ಏನನ್ನಾದರೂ ಬದಲಿಸಿ ಬರುವುದನ್ನು ಮೊದಲು ಕಂಡದ್ದು ಆ ತಾರಸಿಯಲ್ಲಿ. ಇನ್ನೂ ಒಂದು ಋಣವಿದೆ. ನಮ್ಮದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮನೆ. ಕನ್ನಡ ನಮಗೆ ಮಡಿ, ಮೈಲಿಗೆ, ಊಟಕ್ಕೆ ಬಾ, ಇಷ್ಟಕ್ಕೇ ಇದ್ದ ಭಾಷೆ. ಅಜ್ಜಿ ಕನ್ನಡದಲ್ಲಿ ಬೈದರೆ ನಾನು ತಮಿಳಿನಲ್ಲಿ ಎದುರು ಮಾತಾಡುತ್ತಿದ್ದೆ. ಇವರು ಮಾತ್ರ ನಾನು ಯಾವ ಭಾಷೆಯಲ್ಲಿ ಜಗಳಕ್ಕೆ ಬಂದರೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಗೆಲ್ಲಬೇಕಾದರೆ ನಾನು ಅಲ್ಲಿಗೇ ಹೋಗಬೇಕಿತ್ತು. ಹೋದೆ. ಇದನ್ನು ಈ ಭಾಷೆಯಲ್ಲಿ ಬರೆಯುತ್ತಿರುವುದು ಅದರಿಂದಲೇ.

ಸೋಮವಾರದ ಸಭೆಗೆ ತಯಾರಾಗಲು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಗಳಿಗೆಯನ್ನು ಮುಟ್ಟಬಾರದು ಎಂದು ಅವರು ಎಲ್ಲಾದರೂ, ಯಾರಿಗಾದರೂ ಹೇಳಿದ್ದರೆ ನನಗೆ ಸಾಕಿತ್ತು. ಅವರ ಹೆಂಡತಿ ಬಾಗಿಲು ತೆಗೆದರು. ಬ್ಯಾಂಕಿನಿಂದ ನಿವೃತ್ತರಾದವರು, ಅವರಿಗಿಂತ ಒಂದು ಸ್ವರ ಗಟ್ಟಿಯಾಗಿ ಮಾತಾಡುವವರು. ನಮ್ಮ ಮನೆಯ ಅಭ್ಯಾಸದಂತೆ ನಾನು ಅವರನ್ನು ಮಾಮಿ ಅನ್ನುತ್ತೇನೆ. ವಿಷಯ ಹೇಳಿದೆ. ಅವರು ನಕ್ಕರು.

"ನೀನು ಅವರ ಪರವಾಗಿ ಜಗಳಕ್ಕೆ ಹೋಗುದಾ? ಅವರೇ ಅದನ್ನು ಕಮ್ಮಿ ಮಾಡ್ಬೇಕು ಅಂತ ನನ್ನತ್ರ ಜಗಳ ಆಡಿದ್ದು, ಗೊತ್ತುಂಟಾ?"

ನೀರಿನ ಲೋಟವನ್ನು ಕೆಳಗಿಟ್ಟು, ಯಾವಾಗ ಎಂದು ಕೇಳಿದೆ.

ಕಾಯಿಲೆ ಹೆಚ್ಚಾಗಿ ಮನೆಯಲ್ಲೇ ಇದ್ದ ದಿನಗಳಲ್ಲಿ ಅವರು ಹೆಂಡತಿಗೆ ಆಟ ಕಲಿಸಿದ್ದರಂತೆ. ಮೊದಮೊದಲು ಮಾಮಿ ಬಲೆಗೆ ಬೀಳುತ್ತಿದ್ದರು. ದಿನ ಕಳೆದಂತೆ ಒಂದು ಕಣ್ಣು ಕುಕ್ಕರಿನ ಮೇಲಿಟ್ಟುಕೊಂಡೇ ತಪ್ಪಿಸಿಕೊಳ್ಳತೊಡಗಿದರು. "ಆಗ ಅವರಿಗೆ ತಡೀಲಿಲ್ಲ. ನಿಂಗಿನ್ನು ಇಷ್ಟು ಹೊತ್ತು ಬೇಡ, ನೀನು ಅವನನ್ನು ನೋಡುದೇ ಇಲ್ಲ ಈಗ ಅಂದ್ರು. ನಾನು ಹೇಳಿದೆ, ನಂಗೆ ಬೇಕು, ಒಂದು ಗುಟುಕು ಕಾಫಿ ಕುಡೀಲಿಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಎರಡು ದಿನ ಮಾತಿಲ್ಲ. ಮೂರನೇ ದಿನ ಇದನ್ನು ಮಾಡಿ ಕೊಟ್ರು."

ಟಿವಿಯ ಪಕ್ಕದಲ್ಲಿದ್ದ ಗಣಕವನ್ನು ಹಚ್ಚಿ ಆಟ ಆಡಿಸುವ ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟರು. ಅದೇ ಅಳಿವೆ, ಅದೇ ಕಾವಲುಗಾರ. ನಾನು ಸಿದ್ಧವಾಗುವಷ್ಟರಲ್ಲಿ ಬಲೆ ನನ್ನ ಮೇಲಿತ್ತು. ಹಲ್ಲು, ಭುಜ ಎಲ್ಲವೂ ಇತ್ತು; ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗಿತ್ತು.

"ಅದು ನಾನು ಆಡಿ ಆಡಿ ಹಾಗಾದದ್ದು," ಅಂದರು ಮಾಮಿ. "ನೀನು ಸ್ವಲ್ಪ ಸಾಯಿ. ಆಮೇಲೆ ಸರಿಯಾಗ್ತದೆ."

ಸತ್ತೆ. ಪ್ರತಿ ಸಾವಿಗೂ ಕಾವಲುಗಾರ ಒಂದಿಷ್ಟು ಹೆಚ್ಚು ಹೊತ್ತು ಕಾಯತೊಡಗಿದ. ಕೊನೆಗೆ ನನಗೆ ಗುರುತಿದ್ದ ಆ ಗಳಿಗೆ ಪೂರ್ತಿಯಾಗಿ ಮರಳಿ ಬಂತು. ಕಾಲು ಹಿಂದೆ ಸರಿಯಿತು, ಉಸಿರು ಎಳೆದ, ನಾನು ಅವನ ಕಾಲಬುಡಕ್ಕೆ ನುಗ್ಗಿ ಉಳಿದೆ. ಮುಂದಿನ ಸಲ ಅವನು ಕೂದಲೆಳೆಯಷ್ಟು ಕಡಿಮೆ ಕಾದ. ನಾನು ಕಲಿತಷ್ಟೂ ಅವನು ಬೇಗ, ಸೋತಷ್ಟೂ ಅವನು ನಿಧಾನ. ಗಳಿಗೆ ಇರಬೇಕು ಎಂದ ಹೆಂಡತಿಗೂ ಬೇಡ ಎಂದ ತಮಗೂ ಅವರು ಇಲ್ಲಿ ಜಾಗ ಕೊಟ್ಟಿದ್ದರು.

ನಾಳೆಗೆಂದು ನಾನು ಕಟ್ಟಿಕೊಂಡಿದ್ದ ವಾದ ಅಲ್ಲೇ ಬಿದ್ದುಹೋಯಿತು. ಅದಕ್ಕೆ ಬೇಸರವಾಗಲಿಲ್ಲ. ತೀರಿಹೋದ ಮೇಲೂ ತಮ್ಮನ್ನು ತಿದ್ದುವ ಎದುರಾಳಿ ಎಷ್ಟು ಜನಕ್ಕೆ ಸಿಗುತ್ತಾರೆ? ಈಗ ನಾಳೆ ನಾನು ಸಭೆಯ ಮುಂದೆ ಇಡಬೇಕಾದದ್ದು ಇದನ್ನು. ಆದರೆ ಇದರಲ್ಲೂ ಒಂದು ತೂತು ನನ್ನ ಕಣ್ಣಿಗೆ ಬಿದ್ದಿತ್ತು. ಆಟಗಾರ ಗೆಲ್ಲುತ್ತಲೇ ಹೋದರೆ ಗಳಿಗೆ ಕುಗ್ಗುತ್ತಲೇ ಹೋಗುತ್ತದೆ. ಎಲ್ಲೋ ಒಂದು ಕಡೆ ಅದು ಇಲ್ಲವೇ ಇಲ್ಲ ಎನ್ನುವಷ್ಟಾದರೆ ಹೊಸ ಮುಖ್ಯಸ್ಥ ಕೇಳಿದ್ದೇ ನಡೆದಂತೆ. ಅದಕ್ಕೆ ಮುಂಚೆ ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು. ಅವರು ಎಳೆದಿದ್ದರೋ, ಎಳೆಯುವ ಮೊದಲೇ ಹೊರಟರೋ?

ಮಾಮಿ ನನ್ನ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು ಸೋಫಾದ ಅಂಚಿಗೆ ಸರಿದು ಕೂತಿದ್ದರು. ಕಾವಲುಗಾರ ನೀರಿನಿಂದ ಮೇಲೇಳುತ್ತಿದ್ದ. ಅವರ ಕಣ್ಣು ಅವನ ಎಡಭುಜದ ಮೇಲೆ ನೆಟ್ಟಿತ್ತು.

"ಮಾಮಿ," ಅಂದೆ, "ಎಷ್ಟಕ್ಕೆ ಬಂದ ಮೇಲೆ ಇದನ್ನ ಇನ್ನು ಕಡಿಮೆ ಮಾಡಬಾರದು ಅಂತ ಅವರು ಏನಾದ್ರೂ ಹೇಳಿದ್ರಾ?"